ಹಾಲು ಹೆಚ್ಚಿದರೆ ಸತ್ತ್ವ ಕುಂದುವುದೇ?

ಚಿಂತಾಮಣಿ ತಾಲ್ಲೂಕಿನ ಕೈವಾರವೆಂದ ಕೂಡಲೆ ಹಲವರಿಗೆ ನೆನಪಾಗುವುದು ಯೋಗಿ ನಾರೇಯಣ ತಾತಯ್ಯನವರು; ಪುರಾಣಪ್ರಿಯರಿಗಾದರೆ ಬಕಾಸುರ. ಪಾಂಡವರು ಮಾರುವೇಷದಲ್ಲಿ ತಂಗಿದ್ದ ಏಕಚಕ್ರಪುರ ಇದೇ ಎಂದು ಸ್ಥಳಪುರಾಣ ಹೇಳುತ್ತದೆ. ಬಂಡಿ ತುಂಬ ಅನ್ನವನ್ನು ಸರದಿಯಂತೆ ಪಡೆದುಣ್ಣುತ್ತಿದ್ದ ಆ ರಕ್ಕಸನ ಕಾಟ ಭೀಮನಿಂದ ಮುಗಿಯಿತು. ಆದರೆ ಬಂಡಿ ತುಂಬ ಮೇವನ್ನು ಬೇಡುವ ಇನ್ನೊಂದು ಜೀವವನ್ನು ಇಂದಿನ ರೈತನು ತಾನೇ ಬಯಸಿ ಮನೆಗೆ ತಂದು ಕಟ್ಟಿಕೊಂಡಿದ್ದಾನೆ. ಅದೇ ಸೀಮೆಹಸು.

ಬೆಳಗಿನ ಆರು ಗಂಟೆಗೆ ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಒಂದೇ ನೋಟ. ಸ್ಟೀಲಿನ ಕ್ಯಾನು ಹಿಡಿದ ಹೆಂಗಸರು, ಸೈಕಲ್ಲಿಗೆ ಕ್ಯಾನು ತೂಗುಹಾಕಿಕೊಂಡ ಹುಡುಗರು, ಎಲ್ಲರೂ 'ಡೈರಿ'ಯ ಮುಂದೆ ಸಾಲುಗಟ್ಟಿರುತ್ತಾರೆ. ಹಳ್ಳಿಗರ ಬಾಯಲ್ಲಿ ಡೈರಿಯೆಂದರೆ ಹಾಲು ಉತ್ಪಾದಕರ ಸಹಕಾರ ಸಂಘದ ಪುಟ್ಟ ಕಟ್ಟಡ. ಅಲ್ಲಿ ಹಾಲಿನ ಅಳತೆಯಾಗುತ್ತದೆ, ಒಂದಿಷ್ಟು ಹಾಲು ಪರೀಕ್ಷೆಗೆ ಹೋಗುತ್ತದೆ, ಜಿಡ್ಡು ಇಷ್ಟು, ಜಿಡ್ಡೇತರ ಘನಾಂಶ ಇಷ್ಟು ಎಂದು ಎರಡು ಅಂಕಿಗಳು ಚೀಟಿಯ ಮೇಲೆ ಬೀಳುತ್ತವೆ. ಮನೆಯ ಸಂತೆ, ಮಕ್ಕಳ ಶಾಲೆಯ ಶುಲ್ಕ, ಸಾಲದ ಕಂತು ಎಲ್ಲವೂ ಆ ಎರಡು ಅಂಕಿಗಳ ಮೇಲೆ ನಿಂತಿವೆ ಎಂದರೆ ಅತಿಶಯೋಕ್ತಿಯಲ್ಲ. ನದಿಯಿಲ್ಲದ ನಾಡು ಇದು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಮಳೆ ಕೈಕೊಟ್ಟ ವರ್ಷ ರಾಗಿ ಬಾರದು, ಟೊಮ್ಯಾಟೊ ಬೆಲೆಯನ್ನು ನಂಬುವಂತಿಲ್ಲ. ಹದಿನೈದು ದಿನಕ್ಕೋ ತಿಂಗಳಿಗೋ ಕೈಗೆ ಬರುವ ಕಾಸು ಹಾಲಿನದು ಒಂದೇ.

ಇಂತಿರಲು ಅದೇ ಹಾಲಿನ ಮೇಲೆ ಎರಡು ಆಪಾದನೆಗಳುಂಟು. ಒಂದು ಮನೆಯ ಹಿರಿಯರದು: "ನಾಟಿ ಹಸೀನ ಹಾಲೇ ಹಾಲು, ಸೀಮೆಹಸೀಂದು ಬರೀ ನೀರು." ಇನ್ನೊಂದು ಅಳೆಯುವ ಕಡೆಯದು: ಚೀಟಿಯಲ್ಲಿ ಘನಾಂಶ ಇಳಿದಿದ್ದರೆ ಹಾಲಿಗೆ ನೀರು ಬೆರೆತಿರಬೇಕೆಂಬ ಗುಮಾನಿ. ಮೊದಲನೆಯದು ಹಸುವಿನ ಮೇಲಿನ ದೂರು, ಎರಡನೆಯದು ಮನುಷ್ಯನ ಮೇಲಿನದು. ತೊಟ್ಟು ನೀರನ್ನೂ ಬೆರೆಸದ ರೈತನು ನಾಲ್ಕು ಜನರೆದುರು ತಲೆ ತಗ್ಗಿಸಿ ನಿಲ್ಲಬೇಕಾಗಿ ಬರುವುದೂ ಉಂಟು. ಇವೆರಡರಲ್ಲಿ ನಿಜವೆಷ್ಟು? ವಾಚಕರೊಡನೆ ಕೊಟ್ಟಿಗೆಯಿಂದಲೇ ವಿಚಾರವನ್ನಾರಂಭಿಸೋಣ.

ಹಸುವಿನ ಹಾಲಿನ ನೂರು ಪಾಲಿನಲ್ಲಿ ಸುಮಾರು ಎಂಬತ್ತೇಳು ಪಾಲು ನೀರೇ. ಉಳಿದುದರಲ್ಲಿ ಜಿಡ್ಡು ನಾಲ್ಕರ ಆಸುಪಾಸು, ಹಾಲುಸಕ್ಕರೆ ನಾಲ್ಕೂಮುಕ್ಕಾಲಿನಷ್ಟು, ಲವಣಗಳು ಮುಕ್ಕಾಲು ಪಾಲು, ಸಸಾರಜನಕ ಅಥವಾ ಪ್ರೋಟೀನು ಮೂರರಿಂದ ಮೂರೂವರೆ. ಈ ಸಸಾರಜನಕದಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನು. ಹಾಲು ಹೆಪ್ಪುಗಟ್ಟಿ ಮೊಸರಾಗುವುದೂ, ಒಡೆದು ಗಿಣ್ಣಾಗುವುದೂ ಇದರ ಗುಣದಿಂದ. ಇನ್ನೊಂದು ಪಾಲು, ಮೊಸರಿನ ಮೇಲೆ ನಿಲ್ಲುವ ತಿಳಿನೀರಿನಲ್ಲಿ ಕರಗಿಕೊಂಡಿರುವ ಪ್ರೋಟೀನುಗಳು. 'ಗಟ್ಟಿ ಹಾಲು' ಎಂದು ನಾವು ಅನ್ನುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದು ಮಾಡಿಬಿಡುತ್ತೇವೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕೆನೆ ದಪ್ಪವಾಗುವುದು ಜಿಡ್ಡಿನಿಂದ. ಮೊಸರು ಚಾಕುವಿನಿಂದ ಕೊಯ್ಯುವಂತೆ ಕೂಡುವುದು ಮುಖ್ಯವಾಗಿ ಕೇಸೀನಿನಿಂದ.

ಹಾಲಿನ ನೀರು ಎಲ್ಲಿಂದ ಬಂತು? ಇದರಲ್ಲಿಯೇ ನಮ್ಮ ಪ್ರಶ್ನೆಯ ಗಂಟು ಇದೆ. ಒಂದು ಲೀಟರು ಹಾಲಾಗಬೇಕಾದರೆ ನಾನೂರರಿಂದ ಐನೂರು ಲೀಟರು ರಕ್ತ ಕೆಚ್ಚಲಿನ ಮೂಲಕ ಹರಿದುಹೋಗಬೇಕು. ಕೆಚ್ಚಲಿನ ಜೀವಕೋಶಗಳು ಆ ರಕ್ತದಿಂದ ಗ್ಲೂಕೋಸನ್ನು ಹೆಕ್ಕಿಕೊಂಡು ಹಾಲುಸಕ್ಕರೆಯನ್ನು ತಯಾರಿಸುತ್ತವೆ. ಸಕ್ಕರೆಯಿದ್ದಲ್ಲಿಗೆ ನೀರು ತಾನಾಗಿ ಸೆಳೆದುಬರುತ್ತದೆ; ಉಪ್ಪು ಹಚ್ಚಿದ ಮಾವಿನಕಾಯಿ ನೀರು ಬಿಡುವುದನ್ನು ಉಪ್ಪಿನಕಾಯಿ ಹಾಕುವ ಎಲ್ಲ ಮನೆಯವರೂ ಬಲ್ಲರಷ್ಟೆ. ಹೀಗೆ ಎಷ್ಟು ಹಾಲುಸಕ್ಕರೆಯೋ ಅಷ್ಟು ನೀರು; ಎಷ್ಟು ನೀರೋ ಅಷ್ಟು ಲೀಟರು. ಹಾಲಿನ ಪ್ರಮಾಣವನ್ನು ನಿರ್ಧರಿಸುವುದು ಕೇಸೀನೂ ಅಲ್ಲ, ಜಿಡ್ಡೂ ಅಲ್ಲ, ಈ ಸಕ್ಕರೆ. ವಿಚಿತ್ರವೆಂದರೆ, ಸಕ್ಕರೆಯ ತಯಾರಿಕೆಗೆ ಅವಶ್ಯವಾದ ಕಿಣ್ವದ ಒಂದು ಭಾಗವೇ ಹಾಲಿನ ಒಂದು ಪ್ರೋಟೀನು. ಆಲ್ಫಾ ಲ್ಯಾಕ್ಟಾಲ್ಬುಮಿನ್ ಎಂದು ಅದರ ಹೆಸರು. ತಾನಿದ್ದು ನೀರನ್ನು ಕರೆಸಿಕೊಂಡು ತನ್ನ ಬಳಗವನ್ನೆಲ್ಲ ತೆಳುಮಾಡುವ ಪ್ರೋಟೀನು!

ಹೆಚ್ಚು ಹಾಲು ಕೊಡುವಂತೆ ತಲೆತಲಾಂತರದಿಂದ ಆಯ್ದುಬಂದ ಹಸುವಿನ ಕೆಚ್ಚಲು ಹಾಲುಸಕ್ಕರೆಯನ್ನು ಧಾರಾಳವಾಗಿ ಮಾಡುತ್ತದೆ. ನೀರು ಅದರೊಡನೆ ಬರುತ್ತದೆ. ಕೇಸೀನಿನ ತಯಾರಿಕೆಯೂ ಹೆಚ್ಚುತ್ತದೆ, ಆದರೆ ಅದೇ ವೇಗದಲ್ಲಲ್ಲ. ಆದ್ದರಿಂದ ಹಾಲಿನ ಇಳುವರಿಗೂ ಸಸಾರಜನಕದ ಶೇಕಡಾ ಪ್ರಮಾಣಕ್ಕೂ ವಿಲೋಮ ಸಂಬಂಧವಿದೆ. ಒಂದು ಏರಿದರೆ ಇನ್ನೊಂದು ತುಸು ಇಳಿಯುತ್ತದೆ. ಕಪ್ಪುಬಿಳುಪಿನ ಹೋಲ್‌ಸ್ಟೀನ್ ಫ್ರೀಸಿಯನ್ ಹಾಲಿನ ಹೊಳೆಯನ್ನೇ ಹರಿಸುತ್ತದೆ, ಆದರೆ ಅದರ ಹಾಲಿನಲ್ಲಿ ಸಸಾರಜನಕ ಶೇಕಡಾ 3.1 ಅಥವಾ 3.2. ಗಾತ್ರದಲ್ಲಿ ಕಿರಿದಾದ ಜೆರ್ಸಿ ಅಷ್ಟು ಹಾಲು ಕೊಡದಿದ್ದರೂ ಅದರ ಹಾಲಿನಲ್ಲಿ ಈ ಅಂಶ 3.7ಕ್ಕೂ ಮೇಲೆ ಹೋಗುತ್ತದೆ. ಹಿರಿಯರ ಮಾತಿನಲ್ಲಿ ಇಷ್ಟು ನಿಜ ಇದ್ದೇ ಇದೆ.

ಆದರೆ ಶೇಕಡಾವಾರು ಲೆಕ್ಕದಿಂದ ಹೊಟ್ಟೆ ತುಂಬುವುದಿಲ್ಲ. ನಮ್ಮ ಹಳ್ಳಿಕಾರ್ ಹಸುವನ್ನು ತೆಗೆದುಕೊಳ್ಳಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಅದರ ಹೋರಿಗಳನ್ನು ಕಂಡವರು ಮರೆಯಲಾರರು. ಆ ತಳಿ ಬೆಳೆದದ್ದು ನೇಗಿಲಿಗಾಗಿ, ಬಂಡಿಗಾಗಿ. ಹಾಲು ಕರುವಿಗೆ ಸಾಕಾದರೆ ಸಾಕೆಂಬಂತಿತ್ತು. ದಿನಕ್ಕೆ 2 ಲೀಟರು, ಲೀಟರಿಗೆ 35 ಗ್ರಾಂ ಸಸಾರಜನಕ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಒಟ್ಟು 70 ಗ್ರಾಂ. ಪಕ್ಕದ ಗೂಟದ ಮಿಶ್ರತಳಿ ಹಸು 12 ಲೀಟರು ಕೊಡುತ್ತದೆ, ಲೀಟರಿಗೆ 31 ಗ್ರಾಂ ಮಾತ್ರ. ಒಟ್ಟು 372 ಗ್ರಾಂ. ಲೋಟ ತುಸು ತೆಳುವಾಯಿತು, ಆದರೆ ಲೋಟಗಳು ಆರುಪಟ್ಟಾದವು.

ಇನ್ನು ಮುಖ್ಯವಾದ ಮಾತು. ತೆಳುವಾದ ಆ ಹಾಲಿನಲ್ಲಿರುವ ಒಂದೊಂದು ಗ್ರಾಂ ಸಸಾರಜನಕದ ಯೋಗ್ಯತೆಯೂ ಕುಂದಿದೆಯೆ? ಇಲ್ಲ. ಸಸಾರಜನಕದ ಯೋಗ್ಯತೆಯನ್ನು ಅಳೆಯುವುದು ಅದರಲ್ಲಿರುವ ಅಮೈನೋ ಆಮ್ಲಗಳಿಂದ. ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದ ಆಮ್ಲಗಳು ಎಷ್ಟಿವೆ, ಎಷ್ಟು ಸುಲಭವಾಗಿ ಜೀರ್ಣವಾಗುತ್ತವೆ ಎಂಬುದರಿಂದ. ಕೇಸೀನಿನಲ್ಲಿ ಯಾವ ಆಮ್ಲದ ಪಕ್ಕ ಯಾವ ಆಮ್ಲ ಬರಬೇಕೆಂಬುದು ಹಸುವಿನ ಅನುವಂಶಿಕ ವಸ್ತುವಿನಲ್ಲಿ ಬರೆದಿಟ್ಟಿದೆ. ಹೂವಾಡಗಿತ್ತಿಯು ಎರಡು ಕನಕಾಂಬರ, ಒಂದು ಮಲ್ಲಿಗೆ, ಒಂದು ಎಸಳು ಮರುಗ ಎಂಬ ಕ್ರಮದಲ್ಲಿಯೇ ಮಾಲೆ ಕಟ್ಟಬೇಕೆಂದು ಪಣತೊಟ್ಟಿದ್ದಾಳೆನ್ನಿ. ಮರುಗ ಮುಗಿದರೆ ಅವಳು ಅದರ ಬದಲು ಗರಿಕೆ ಸೇರಿಸುವುದಿಲ್ಲ, ಮಾಲೆಯೇ ಮೋಟಾಗುತ್ತದೆ. ಕೆಚ್ಚಲಿನ ಜೀವಕೋಶವೂ ಹಾಗೆಯೆ. ಅಮೈನೋ ಆಮ್ಲವೊಂದು ಸಾಲದೆ ಬಂದರೆ ಅದು ಕಡಿಮೆ ಕೇಸೀನನ್ನು ಮಾಡೀತೇ ಹೊರತು ಕೀಳು ಕೇಸೀನನ್ನು ಮಾಡಲಾರದು.

ಹಾಲಿನ ಸಸಾರಜನಕದ ಹಿರಿಮೆ ರಾಗಿಯುಣ್ಣುವ ನಾಡಿಗೆ ವಿಶೇಷವಾಗಿ ಸಲ್ಲುತ್ತದೆ. ರಾಗಿಯ ನೂರು ಗ್ರಾಂ ಸಸಾರಜನಕದಲ್ಲಿ ಲೈಸೀನೆಂಬ ಅಮೈನೋ ಆಮ್ಲ ಸುಮಾರು ಮೂರು ಗ್ರಾಂ. ಹಾಲಿನದರಲ್ಲಿ ಎಂಟರ ಹತ್ತಿರ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಯುಂಡ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದೇಳುವ ರೂಢಿ ಅರ್ಥವಿಲ್ಲದ್ದಲ್ಲ. ಬೆಣ್ಣೆ ತೆಗೆದರೂ ಮಜ್ಜಿಗೆಯಲ್ಲಿ ಸಸಾರಜನಕ ಉಳಿದೇ ಇರುತ್ತದೆ. ಬೆಣ್ಣೆ ಕಾಯಿಸಿ ತುಪ್ಪ ಮಾರಿ, ಮಜ್ಜಿಗೆಯನ್ನು ನೆರೆಹೊರೆಯವರಿಗೆ ಸುಮ್ಮನೆ ಕೊಡುತ್ತಿದ್ದ ಹಿಂದಿನ ಗೃಹಿಣಿಯರು ತಮಗರಿವಿಲ್ಲದೆ ಹಾಲಿನ ಉತ್ತಮ ಭಾಗವನ್ನೇ ದಾನ ಮಾಡುತ್ತಿದ್ದರು. 2013ರ ಆಗಸ್ಟ್ 1ರಂದು ರಾಜ್ಯದ ಶಾಲೆಗಳಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರು ಹಾಲಿನಲ್ಲಿ ಮಗುವಿಗೆ ದಕ್ಕುವ ಸಸಾರಜನಕ ಸುಮಾರು ಐದು ಗ್ರಾಂ. ಅದು ಸೀಮೆಹಸುವಿನದೋ ನಾಟಿಹಸುವಿನದೋ ಎಂಬುದರಿಂದ ಲೈಸೀನಿನ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಹಾಲಿನ ಸಸಾರಜನಕ ನಿಜವಾಗಿ ಕೆಡುವುದೆಂದಿಲ್ಲವೆ? ಉಂಟು, ಆದರೆ ಅಪರಾಧಿ ಇಳುವರಿಯಲ್ಲ, ಇಳುವರಿಯ ಬೆನ್ನಿಗೆ ಬರುವ ಕಷ್ಟಗಳು.

ಕರು ಹಾಕಿದ ಮೊದಲ ದಿನದ ಗಿಣ್ಣುಹಾಲಿನಲ್ಲಿ ಸಸಾರಜನಕ ಶೇಕಡಾ 14ರಷ್ಟಿರುತ್ತದೆ. ಬಹುಪಾಲು ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಬಗೆಯದು. ಕೆಲವೇ ದಿನಗಳಲ್ಲಿ ಅದು ಇಳಿಯುತ್ತದೆ. ಆರೆಂಟು ವಾರಗಳಾಗುವಷ್ಟರಲ್ಲಿ ಹಾಲು ಶಿಖರಕ್ಕೇರಿ, ಸಸಾರಜನಕ ತಳ ಮುಟ್ಟಿ ಶೇಕಡಾ ಮೂರಕ್ಕೂ ಕೆಳಗೆ ಹೋಗಬಹುದು. ಇದು ಹಸುವಿನ ಅತ್ಯಂತ ಸಂಕಟದ ಕಾಲ. ಹೊಟ್ಟೆ ಹಿಡಿಯುವಷ್ಟು ಮೇವಿಗಿಂತ ಕೆಚ್ಚಲು ಸುರಿಸುವ ಹಾಲು ಹೆಚ್ಚು. ಕೊರತೆಯನ್ನು ತನ್ನ ಮೈಯನ್ನೇ ಕರಗಿಸಿ ತುಂಬುತ್ತದೆ. ಪಕ್ಕೆಲುಬು ಎದ್ದು ಕಾಣುತ್ತದೆ. ಮೈಗೊಬ್ಬು ಕರಗಿ ಹಾಲಿನ ಜಿಡ್ಡಾಗಬಲ್ಲದು, ಆದರೆ ಕೇಸೀನಿಗೆ ಬೇಕಾದ ಶಕ್ತಿ ಸಾಲದೆಹೋಗುತ್ತದೆ. ಜಿಡ್ಡು ಸರಿಯಾಗಿದ್ದು ಸಸಾರಜನಕ ಮಾತ್ರ ಇಳಿದಿದ್ದರೆ ಹಸು ಹಸಿದಿದೆ ಎಂದೇ ಸಾಮಾನ್ಯವಾಗಿ ಅರ್ಥ.

ಎರಡನೆಯದು ಬೇಸಗೆ. ಹೋಲ್‌ಸ್ಟೀನಿನ ಮೂಲ ಉತ್ತರ ಯೂರೋಪಿನ ತಣ್ಣನೆಯ ಹುಲ್ಲುಗಾವಲು. ಗಾಳಿಯ ಉಷ್ಣತೆ 25–26 ಡಿಗ್ರಿ ದಾಟಿದರೆ ಅದಕ್ಕೆ ಏದುಸಿರು ಆರಂಭ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೊಟ್ಟಿಗೆಯಲ್ಲಿ ನಿಂತ ಹಸುವಿನ ಪಾಡನ್ನು ಹೇಳುವುದೇ ಬೇಡ. ಅದು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಇಳಿದ ಹಾಲಿನಲ್ಲಿಯೂ ಕೇಸೀನು ಕಡಿಮೆಯಾಗುತ್ತದೆ. ಹಾಲು ಇಳಿದರೆ ಗಟ್ಟಿಯಾಗಬೇಕೆಂಬ ನಿಯಮ ಇಲ್ಲಿ ಮುರಿದುಬೀಳುವುದನ್ನು ಗಮನಿಸಬೇಕು.

ಮೂರನೆಯದು ಎಲ್ಲಕ್ಕಿಂತ ಕಳ್ಳ ಶತ್ರು: ಕೆಚ್ಚಲು ಬಾವು. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇದ್ದಾಗಲೂ ಅದು ಹಾಲಿನ ಸಸಾರಜನಕವನ್ನು ಕೆಡಿಸುತ್ತದೆ. ರಕ್ತದಿಂದ ನುಸುಳಿದ ಕಿಣ್ವಗಳು ಕೇಸೀನನ್ನು ಕತ್ತರಿಸುತ್ತವೆ. ರಕ್ತದ ಪ್ರೋಟೀನುಗಳು ಹಾಲಿಗೆ ಸೋರುತ್ತವೆ. ಒಟ್ಟು ಸಸಾರಜನಕವನ್ನು ಅಳೆದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಇರಬಹುದು, ಆದರೆ ಮೊಸರು ನೆಟ್ಟಗೆ ಕೂಡದು. ಇಲ್ಲಿ ಮಾತ್ರವೇ ಗುಣ ನಿಜವಾಗಿ ಕುಂದಿತೆನ್ನಬಹುದು. ದೊಡ್ಡ ಕೆಚ್ಚಲಿನ ಹೆಚ್ಚು ಹಾಲಿನ ಹಸುಗಳಿಗೆ ಈ ಬಾಧೆ ಹೆಚ್ಚು. ಇದನ್ನು ಕೊಟ್ಟಿಗೆಯಲ್ಲಿಯೇ ಪತ್ತೆಹಚ್ಚುವ ಸರಳ ಪರೀಕ್ಷೆಯನ್ನು 1957ರಲ್ಲಿ ಕ್ಯಾಲಿಫೋರ್ನಿಯದ ಷಾಮ್ ಮತ್ತು ನೂರ್ಲಾಂಡರ್ ಎಂಬವರು ಕೊಟ್ಟರು. ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಬಟ್ಟಲುಗಳಿಗೆ ಕರೆದು ಮಾರ್ಜಕದ ದ್ರಾವಣ ಬೆರೆಸಿ ತಿರುಗಿಸಿದರೆ, ಬಾವಿರುವ ಮೊಲೆಯ ಹಾಲು ಲೋಳೆಯಂತಾಗುತ್ತದೆ. ಖರ್ಚು ಬಹಳ ಕಡಿಮೆ.

ಮೇವಿನ ವಿಷಯಕ್ಕೆ ಬರೋಣ. ಹಸು ತಿಂದ ಹುಲ್ಲನ್ನು ಮೊದಲು ತಿನ್ನುವುದು ಹಸುವಲ್ಲ! ರೂಮೆನ್ ಎಂಬ ಅದರ ದೊಡ್ಡ ಜಠರದಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳಿವೆ. ಅವು ಹುಲ್ಲು ಹಿಂಡಿಗಳ ಸಸಾರಜನಕದ ಬಹುಭಾಗವನ್ನು ಮುರಿದು ಅದರಿಂದ ತಮ್ಮ ದೇಹವನ್ನು ಕಟ್ಟಿಕೊಳ್ಳುತ್ತವೆ. ಆಮೇಲೆ ಹಸು ಅವುಗಳನ್ನೇ ಜೀರ್ಣಿಸಿಕೊಳ್ಳುತ್ತದೆ. ಹಸುವಿಗೆ ದೊರೆಯುವ ಸಸಾರಜನಕದಲ್ಲಿ ಅರ್ಧಕ್ಕೂ ಮಿಕ್ಕು ಇಂಥದು. ಆದ್ದರಿಂದ ಬರೀ ಹಿಂಡಿ ಸುರಿದರೆ ಸಾಲದು. ಸೂಕ್ಷ್ಮಜೀವಿಗಳಿಗೆ ಅದರೊಡನೆ ಪಿಷ್ಟವೂ ಹಸಿರೂ ಬೇಕು. ಇಲ್ಲದಿದ್ದರೆ ಮುರಿದ ಸಸಾರಜನಕ ಅಮೋನಿಯವಾಗಿ, ಯೂರಿಯವಾಗಿ, ಗಂಜಲದಲ್ಲಿ ಹರಿದುಹೋಗುತ್ತದೆ. ಒಂದಿಷ್ಟು ಹಾಲಿಗೂ ಸೇರುತ್ತದೆ. ಸಾರಜನಕವಿದ್ದ ಮಾತ್ರಕ್ಕೆ ಸಸಾರಜನಕವಿದ್ದಂತಲ್ಲ. ಹಾಲಿನ ಸಾರಜನಕವನ್ನು ಅಳೆದು 6.38ರಿಂದ ಗುಣಿಸುವ ರೂಢಿಯ ದೌರ್ಬಲ್ಯವನ್ನರಿತ ವಂಚಕರು ಚೀನಾದಲ್ಲಿ ಹಾಲಿಗೆ ಮೆಲಮೀನೆಂಬ ಸಾರಜನಕಭರಿತ ವಸ್ತುವನ್ನು ಬೆರೆಸಿ, 2008ರಲ್ಲಿ ಲಕ್ಷಾಂತರ ಹಸುಳೆಗಳನ್ನು ರೋಗಕ್ಕೀಡುಮಾಡಿದ್ದು ಲೋಕವನ್ನೇ ಬೆಚ್ಚಿಬೀಳಿಸಿತು.

ರಾಗಿಹುಲ್ಲಿನಲ್ಲಿ ಕಚ್ಚಾ ಸಸಾರಜನಕ ಶೇಕಡಾ ಮೂರು ನಾಲ್ಕು ಮಾತ್ರ. ಹನ್ನೆರಡು ಲೀಟರಿನ ಹಸು ಅದರ ಮೇಲೆ ಬದುಕಲಾರದು. ಆದರೆ ಶಿಡ್ಲಘಟ್ಟ, ಚಿಂತಾಮಣಿಗಳ ರೈತನಿಗೆ ಇನ್ನೆಲ್ಲಿಯೂ ಸುಲಭವಾಗಿ ಸಿಗದ ಒಂದು ಮೇವುಂಟು: ರೇಷ್ಮೆಹುಳು ತಿಂದುಳಿದ ಹಿಪ್ಪುನೇರಳೆ. ಒಣಗಿಸಿದ ಹಿಪ್ಪುನೇರಳೆ ಎಲೆಯಲ್ಲಿ ಸಸಾರಜನಕ ಶೇಕಡಾ 15ರಿಂದ 25ರವರೆಗೆ ಇರುತ್ತದೆ, ಬೇಗ ಜೀರ್ಣವಾಗುತ್ತದೆ. ಹುಳುಮನೆಯಿಂದ ಹೊರಬಿದ್ದ ಎಲೆ, ಎಳೆಯ ಕಡ್ಡಿಗಳು ಕೊಟ್ಟಿಗೆಗೆ ಹೋಗುತ್ತವೆ. ಒಂದೇ ಗಿಡ ರೇಷ್ಮೆಯನ್ನೂ ಹಾಲನ್ನೂ ಕೊಡುವ ಈ ಏರ್ಪಾಡು ನಮಗಂತೂ ಬಹಳ ಮೆಚ್ಚಿಕೆಯಾಗಿದೆ. ಆದರೆ ಹುಳುವಿಗೆ ಹಾಕಿದ ಸುಣ್ಣ, ಸೋಂಕುನಿವಾರಕ ಪುಡಿಗಳು ಮೆತ್ತಿದ ಸೊಪ್ಪನ್ನು ಹಸುವಿಗೆ ಹಾಕಬಾರದು. ಇದರೊಡನೆ ಮುಸುಕಿನ ಜೋಳದ ಹಸಿರು, ಕಡಲೆಕಾಯಿ ಹಿಂಡಿ, ಹಾಲಿನ ಪ್ರತಿ ಎರಡೂವರೆ ಲೀಟರಿಗೆ ಒಂದು ಕಿಲೋ ಸಮತೋಲ ಪಶು ಆಹಾರ, ನೆರಳು, ಬೇಕಾದಷ್ಟು ನೀರು. ಹೇಳುವುದು ಸುಲಭ, ನೀರು ಕೊಂಡು ತರಬೇಕಾದ ಬೇಸಗೆಯಲ್ಲಿ ಮಾಡುವುದು ಕಷ್ಟವೆಂಬುದನ್ನು ನಾವು ಬಲ್ಲೆವು.

ಕರ್ನಾಟಕಕ್ಕೆ ಹಾಲಿನ ವಿಜ್ಞಾನ ಹೊಸದಲ್ಲ. 1923ರಲ್ಲಿ ಬೆಂಗಳೂರಿನಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು ಗೋಪಾಲನೆಯ ಪಾಠ ಕಲಿತರು. 1955ರಲ್ಲಿ ಸಂಸ್ಥೆಯ ಕೇಂದ್ರ ಕರ್ನಾಲಿಗೆ ಹೋಗಿ, ಬೆಂಗಳೂರಿನದು ದಕ್ಷಿಣದ ಪ್ರಾದೇಶಿಕ ಶಾಖೆಯಾಯಿತು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಹೋರಿಯ ವೀರ್ಯವನ್ನು ಘನೀಕರಿಸುವ ಕೇಂದ್ರ ಸ್ಥಾಪನೆಯಾಯಿತು. 1974ರಲ್ಲಿ ಹೈನು ಅಭಿವೃದ್ಧಿ ನಿಗಮ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಲ. ಈ ದಾರಿಯಲ್ಲಿ ನಾವು ಬೆನ್ನಟ್ಟಿದ್ದು ಮುಖ್ಯವಾಗಿ ಲೀಟರನ್ನು. ಸರ್ಕಾರ 2008ರಲ್ಲಿ ಕೊಡಲಾರಂಭಿಸಿದ ಪ್ರೋತ್ಸಾಹಧನವೂ ಲೀಟರಿಗೆ ಇಷ್ಟೆಂದೇ. ಬೆಲೆಯ ಚೀಟಿಯಲ್ಲಿ ಜಿಡ್ಡುಂಟು, ಜಿಡ್ಡೇತರ ಘನಾಂಶವುಂಟು. ಸಸಾರಜನಕದ ಹೆಸರೇ ಇಲ್ಲ. ಘನಾಂಶದಲ್ಲಿ ಹಾಲುಸಕ್ಕರೆ, ಲವಣ, ಸಸಾರಜನಕ ಮೂರೂ ಒಂದೇ ಮೂಟೆಯಲ್ಲಿ ಕಟ್ಟಲ್ಪಟ್ಟಿವೆ. ನ್ಯೂಜಿಲೆಂಡಿನ ರೈತನಿಗೆ ಜಿಡ್ಡು ಮತ್ತು ಸಸಾರಜನಕದ ಕಿಲೋ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಅಮೆರಿಕದಲ್ಲಿಯೂ 2000ದಿಂದ ಹೆಚ್ಚಿನ ವಲಯಗಳಲ್ಲಿ ಸಸಾರಜನಕಕ್ಕೆ ಪ್ರತ್ಯೇಕ ಬೆಲೆಯಿದೆ. ಅಲ್ಲಿ ಕೆಲವು ವರ್ಷಗಳಿಂದ ಹಾಲಿನ ಇಳುವರಿಯೊಡನೆ ಅದರ ಸಸಾರಜನಕದ ಶೇಕಡಾ ಪ್ರಮಾಣವೂ ಏರುತ್ತಿದೆ. ಇಳುವರಿ ಏರಿದರೆ ಸಸಾರಜನಕ ಇಳಿಯುವ ನಂಟು ಬಲವಾದದ್ದೇ ಹೊರತು ಬಿಡಿಸಲಾಗದ್ದಲ್ಲ. ಹೋರಿಗಳನ್ನು ಆಯುವಾಗ ಏನನ್ನು ನೋಡುತ್ತೇವೆ ಎಂಬುದರ ಮೇಲಿದೆ.

ಇಲ್ಲಿ ಒಂದು ಮಾತು, ವಾಚಕರು ಕೇಳುವ ಮೊದಲೇ. ಬೆಂಗಳೂರಿನ ಅಂಗಡಿಗಳಲ್ಲಿ 'ಎ2 ಹಾಲು' ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ಬೀಟಾ ಕೇಸೀನೆಂಬ ಪ್ರೋಟೀನಿನ ಸರಪಳಿಯಲ್ಲಿ 209 ಅಮೈನೋ ಆಮ್ಲಗಳಿವೆ. ಅದರ 67ನೆಯ ಸ್ಥಾನದಲ್ಲಿ ಪ್ರೋಲೀನಿದ್ದರೆ ಎ2, ಹಿಸ್ಟಿಡೀನಿದ್ದರೆ ಎ1. ನಮ್ಮ ನಾಟಿ ಹಸುಗಳಲ್ಲಿ ಬಹುಪಾಲು ಎ2. ಹೋಲ್‌ಸ್ಟೀನಿನಲ್ಲಿ ಎರಡೂ ಉಂಟು. ಎ1 ಜೀರ್ಣವಾಗುವಾಗ ಹುಟ್ಟುವ ತುಣುಕೊಂದು ರೋಗಗಳಿಗೆ ಕಾರಣವೆಂಬ ವಾದವನ್ನು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಪರಿಶೀಲಿಸಿ, ಕಾರ್ಯಕಾರಣ ಸಂಬಂಧ ಕಾಣಲಿಲ್ಲವೆಂದಿತು. ನಮ್ಮ ದೇಶದ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಪೊಟ್ಟಣಗಳ ಮೇಲಿನ ಎ1, ಎ2 ಬರಹವನ್ನು ತೆಗೆಯಬೇಕೆಂದು ಹೇಳಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಒಂದಂತೂ ಸ್ಪಷ್ಟ: ಈ ಭೇದಕ್ಕೂ ಹಾಲಿನ ಇಳುವರಿಗೂ ಸಂಬಂಧವಿಲ್ಲ. ಹೆಚ್ಚು ಹಾಲಿನ ಎ2 ಹೋಲ್‌ಸ್ಟೀನ್ ಹೋರಿಗಳೂ ಇವೆ.

ಇನ್ನು ಉಳಿದದ್ದು ತಲೆ ತಗ್ಗಿಸಿ ನಿಂತ ರೈತನ ಮೊಕದ್ದಮೆ. ಹಸುವಿನ ಹಾಲಿನಲ್ಲಿ ಜಿಡ್ಡು ಕನಿಷ್ಠ 3.2, ಜಿಡ್ಡೇತರ ಘನಾಂಶ ಕನಿಷ್ಠ 8.3 ಇರಬೇಕೆಂಬುದು ಕಾನೂನು. ಮೊದಲೆರಡು ತಿಂಗಳ ಹಾಲು, ಬೇಸಗೆ, ಅರೆಹೊಟ್ಟೆ ಮೂರೂ ಕೂಡಿದ ಹಸುವಿನ ಹಾಲು, ತೊಟ್ಟು ನೀರು ಬೆರೆಯದೆಯೂ ಆ ಗೆರೆಯ ಕೆಳಗೆ ಜಾರಬಹುದು. ಲ್ಯಾಕ್ಟೊಮೀಟರು ಬಲ್ಲದ್ದು ಸಾಂದ್ರತೆಯನ್ನು ಮಾತ್ರ. ಕೇಸೀನು ಕಡಿಮೆಯಾಗಿ ತೆಳುವಾದದ್ದೋ ಕೊಳಾಯಿಯಿಂದ ತೆಳುವಾದದ್ದೋ ಅದಕ್ಕೆ ತಿಳಿಯದು.

ಅದನ್ನು ತಿಳಿಸಬಲ್ಲ ಪರೀಕ್ಷೆ ಬೇರೆ ಇದೆ. ಹಾಲನ್ನು ತಣಿಸುತ್ತ ಹೋದರೆ ಸೊನ್ನೆಗಿಂತ ಅರ್ಧ ಡಿಗ್ರಿಯಷ್ಟು ಕೆಳಗೆ ಹೆಪ್ಪುಗಟ್ಟುತ್ತದೆ. ಮೇಲೆ ಹೇಳಿದಂತೆ ಕೆಚ್ಚಲಿನಲ್ಲಿ ಹಾಲುಸಕ್ಕರೆಯೂ ಲವಣಗಳೂ ರಕ್ತದೊಡನೆ ಸಮತೂಕವಾಗುವಷ್ಟೇ ನೀರನ್ನು ಸೆಳೆಯುತ್ತವೆ. ಆದುದರಿಂದ ಕೇಸೀನು ಏರಲಿ ಇಳಿಯಲಿ, ಹತ್ತು ಲೀಟರಿನ ಹಸುವಾಗಲಿ ಎರಡು ಲೀಟರಿನದಾಗಲಿ, ಈ ಬಿಂದು ಬಹುಮಟ್ಟಿಗೆ ಸ್ಥಿರ. ನೂರಕ್ಕೆ ಹತ್ತು ಪಾಲು ನೀರು ಸೇರಿಸಿದರೆ ಅದು ಹತ್ತರಲ್ಲೊಂದು ಭಾಗದಷ್ಟು ಸೊನ್ನೆಯ ಕಡೆಗೆ ಸರಿದು ಕಳ್ಳನನ್ನು ತೋರಿಸಿಕೊಡುತ್ತದೆ. ಈ ಉಪಕರಣ ಸಾಮಾನ್ಯವಾಗಿ ದೊಡ್ಡ ಡೈರಿಯ ಪ್ರಯೋಗಶಾಲೆಯಲ್ಲಿರುತ್ತದೆ. ಆಪಾದನೆ ಮಾತ್ರ ಹಳ್ಳಿಯ ಸಾಲಿನಲ್ಲಿಯೇ ಹೊರಬೀಳುತ್ತದೆ.

ಯಂತ್ರವಿಲ್ಲದ ಕಡೆಗೂ ಒಂದು ಹಳೆಯ ಉಪಾಯವುಂಟು. ಇಂಗ್ಲೆಂಡಿನಲ್ಲಿ ಇದನ್ನು ಹಸುವಿಗೇ ಸಲ್ಲಿಸುವ ಮೇಲ್ಮನವಿ ಎಂದು ಕರೆಯುತ್ತಿದ್ದರು. ಪರೀಕ್ಷಕನು ಮಾರನೆಯ ದಿನ ಅದೇ ಹೊತ್ತಿಗೆ ಕೊಟ್ಟಿಗೆಗೆ ಬರಬೇಕು. ಪಾತ್ರೆ ಬರಿದಾಗಿರುವುದನ್ನು ನೋಡಿಕೊಂಡು, ತನ್ನ ಕಣ್ಣೆದುರಿನಲ್ಲಿಯೇ ಹಾಲು ಕರೆಸಬೇಕು. ಮೊದಲ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯದರಲ್ಲಿ ಬಹಳ. ಆದ್ದರಿಂದ ಕರುವಿಗೆಂದು ಒಂದು ಮೊಲೆಯನ್ನೂ ಬಿಡದೆ ಕಟ್ಟಕಡೆಯ ಹನಿಯವರೆಗೂ ಕರೆದು, ಚೆನ್ನಾಗಿ ಕಲಕಿ, ಆ ಹಾಲನ್ನು ಹಿಂದಿನ ದಿನದ ಅಂಕಿಯೊಡನೆ ಹೋಲಿಸಬೇಕು. ಎರಡೂ ಒಂದೇ ಬಂದರೆ ಚೀಟಿಯಲ್ಲಿ ಹೊಡೆದುಹಾಕಬೇಕಾದದ್ದು ರೈತನ ಹೆಸರನ್ನಲ್ಲ. ಹಸುವಿನ ಮೇವನ್ನು ನೋಡಬೇಕು, ಕೆಚ್ಚಲನ್ನು ಮುಟ್ಟಿ ನೋಡಬೇಕು, ತಗಡಿನ ಮೇಲೆ ಒಂದಿಷ್ಟು ತೆಂಗಿನ ಗರಿ ಹೊದಿಸಬೇಕು.